ಸಬ್ಜಾಳ ತೂಕ

ಮೊದಲು ಸಡಿಲವಾದದ್ದು ಹೊಟ್ಟೆಪಟ್ಟಿ.

ಜಟಕಾದ ಎರಡು ಮೂಕಿಮರಗಳು ಮೇಲೇಳದ ಹಾಗೆ ಕುದುರೆಯ ಎದೆಗೂಡಿನ ಅಡಿಯಲ್ಲಿ ಬಿಗಿಯುವ ತೊಗಲಿನ ಪಟ್ಟಿ ಅದು. ನನ್ನ ಗಂಡ ಬಷೀರ್ ಸಾಬರು ಬೆಳಗ್ಗೆ ಅದನ್ನು ಎಳೆದು ಎಂದಿನ ತೂತಿಗೆ ಕೊಂಡಿ ಹಾಕಿದರು. ಪಟ್ಟಿ ಜೋತುಬಿತ್ತು. ಮುಂದಿನ ತೂತಿಗೆ ಬಿಗಿದರು. ಆಗಲೂ ಒಳಗೆ ಕೈ ಆಡುತ್ತಿತ್ತು. "ತೊಗಲು ಹಳೇದಾಯ್ತು, ಹಿಗ್ಗಿದೆ," ಎಂದು ಹೇಳಿ ಮಂಡ್ಯ ಸ್ಟೇಷನ್ನಿನ ಕಡೆ ಹೊರಟುಹೋದರು.

ನಾನು ಬಾಗಿಲಲ್ಲೇ ನಿಂತೆ. ನಾನು ಬಟ್ಟೆ ಹೊಲಿಯುವವಳು. ಅಪ್ಪ ದರ್ಜಿ. ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಮುಗಿಸಿದ ಮೇಲೆ ನನ್ನನ್ನು ಹೊಲಿಗೆಯ ಮುಂದೆ ಕೂರಿಸಿದವರು ಅವರೇ. ತೊಡಿಸಿದ್ದು ಹಿಗ್ಗಿದರೆ ಹೇಗೆ ಕಾಣುತ್ತದೆ, ತೊಟ್ಟ ಮೈ ಇಳಿದರೆ ಹೇಗೆ ಕಾಣುತ್ತದೆ ಎಂಬುದು ನನಗೆ ಗೊತ್ತು.

ಪಟ್ಟಿ ಹಿಗ್ಗಿರಲಿಲ್ಲ.

ಸಬ್ಜಾ ಬೂದು ಬಣ್ಣದ ಹೆಣ್ಣು ತಟ್ಟು, ಗಿಡ್ಡ ಜಾತಿಯ ಕುದುರೆ. ನಮ್ಮ ಜಟಕಾದವರು ಆ ಬಣ್ಣಕ್ಕೇ ಸಬ್ಜಾ ಅನ್ನುತ್ತಾರೆ. ಬಣ್ಣವೇ ಅವಳ ಹೆಸರಾಯಿತು. ಯುದ್ಧ ಶುರುವಾಗಿ ಪೆಟ್ರೋಲು ಸಿಗದಂತಾದ ಮೇಲೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಕೆಮ್ಮುತ್ತಾ ಓಡಾಡುತ್ತಿದ್ದವು. ಮದ್ದೂರಿಗೆ ಹೊರಟ ಬಸ್ಸು ಗೆಜ್ಜಲಗೆರೆಯಲ್ಲೇ ನಿಂತುಬಿಟ್ಟರೆ ಜನ ಇಳಿದು ಜಟಕಾ ಹುಡುಕುತ್ತಿದ್ದರು. ಸಬ್ಜಾಳಿಗೆ ಬಿಡುವೇ ಇರಲಿಲ್ಲ. ಮದ್ದೂರಿಗೆ ಹೋಗಿ ಬರುತ್ತಿದ್ದಳು, ಒಮ್ಮೊಮ್ಮೆ ಮಳವಳ್ಳಿಗೂ. ದಾರಿಯುದ್ದಕ್ಕೂ ನಾಲೆ, ನೀರು ನಿಂತ ಗದ್ದೆ, ಕಬ್ಬು. ಆ ನೀರಿನ ಬದಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ನೊಣಗಳಿರುತ್ತವೆ. ಕಚ್ಚಿದ ಕಡೆ ರಕ್ತದ ಹನಿ ನಿಲ್ಲುತ್ತದೆ. ಕುದುರೆಯನ್ನು ನೊಣ ಕಚ್ಚುವುದು ಹೊಸದೇನಲ್ಲ ಎಂದು ನಾವು ಯಾರೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆ ವಾರ ಜ್ವರ ಬಂತು. ಕಿವಿಯ ಬುಡ ಕಾದ ಹೆಂಚಿನಂತಿತ್ತು. ಮಾರನೆಯ ದಿನ ತಣ್ಣಗಾಯಿತು. ಹುರುಳಿಯನ್ನೂ ತಿಂದಳು. ಸರಿಹೋಯಿತು ಎಂದುಕೊಂಡೆವು. ಮತ್ತೆ ಬಂತು, ಮತ್ತೆ ಹೋಯಿತು. ವಿಚಿತ್ರವೆಂದರೆ ಅವಳ ಹಸಿವು ಸತ್ತಿರಲಿಲ್ಲ. ಇಟ್ಟಿದ್ದನ್ನೆಲ್ಲ ತಿನ್ನುತ್ತಿದ್ದಳು. ತಿಂದದ್ದೆಲ್ಲ ಎಲ್ಲಿಗೆ ಹೋಗುತ್ತಿತ್ತೋ ಏನೋ, ಬೆನ್ನಿನ ಮೂಳೆ ಮಾತ್ರ ದಿನದಿನಕ್ಕೂ ಏಳುತ್ತಿತ್ತು.

ದನದ ಆಸ್ಪತ್ರೆಯ ಡಾಕ್ಟರು ಕಿವಿಯ ತುದಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದರು. ಅದನ್ನು ಗಾಜಿನ ಚೂರಿನ ಮೇಲೆ ಸವರಿಕೊಂಡು ಒಳಗೆ ಹೋದರು. ಮೈಸೂರು ಕಡೆಯವರು. ವಯಸ್ಸಾದವರು, ಮಾತು ಕಡಿಮೆ. ಹೊರಗೆ ಬಂದಾಗ ನನ್ನ ಗಂಡನ ಮುಖ ನೋಡಲಿಲ್ಲ. ಕುದುರೆಯ ಮುಖ ನೋಡಿದರು.

"ಸರ್ರಾ," ಎಂದರು.

ರಕ್ತದೊಳಗೆ ಸೇರಿಕೊಳ್ಳುವ ಹುಳು, ಕಣ್ಣಿಗೆ ಕಾಣದ್ದು. ಒಂದು ಕುದುರೆಯ ರಕ್ತ ಕುಡಿದ ನೊಣ ಇನ್ನೊಂದನ್ನು ಕಚ್ಚಿದರೆ ಅದಕ್ಕೂ ಹತ್ತುತ್ತದೆ. ಹಾಗೇ ಬಿಟ್ಟರೆ ಬದುಕುವುದಿಲ್ಲ. ಇಷ್ಟನ್ನು ಅವರು ನಿಧಾನವಾಗಿ ಹೇಳಿದರು.

"ಔಷಧಿ ಇಲ್ವಾ ಸ್ವಾಮಿ?" ಇವರು ಕೇಳಿದರು.

"ಇದೆ. ಇಂಜೆಕ್ಷನ್. ಹೊರದೇಶದಿಂದ ಬರಬೇಕು. ಈಗ ಏನೂ ಬರ್ತಾ ಇಲ್ಲ. ಬರೆದು ಕೇಳ್ತೀನಿ. ಸಿಗುತ್ತೆ ಅಂತ ಹೇಳಲಾರೆ." ಆಮೇಲೆ ಸೇರಿಸಿದರು: "ಸಾಮಾನ್ಯವಾಗಿ ಇಂಥ ಕುದುರೆಯನ್ನ ಉಳಿಸಲ್ಲ. ಬೇರೆ ಕುದುರೆಗಳಿಗಾಗಿ."

ಸುದ್ದಿ ನಮಗಿಂತ ಮುಂಚೆ ಜಟಕಾ ಸ್ಟ್ಯಾಂಡಿಗೆ ಹೋಗಿತ್ತು. ಆ ಸಂಜೆ ಸ್ಟ್ಯಾಂಡಿನ ನಾಲ್ಕು ಜನ ನಮ್ಮ ಮನೆಯ ಮುಂದೆ ಬಂದು ನಿಂತರು. ಜೊತೆಗೆ ಮಳವಳ್ಳಿಯಿಂದ ಬಂದಿದ್ದ ನಮ್ಮ ಭಾವ, ಇವರ ಅಣ್ಣ. ಒಳಗೆ ಕೂತೇ ಎಲ್ಲವನ್ನೂ ಕೇಳಿಸಿಕೊಂಡೆ. ಈ ಕುದುರೆ ಇದ್ದರೆ ನಮ್ಮವಕ್ಕೂ ಹತ್ತುತ್ತದೆ ಎಂಬ ಸ್ಟ್ಯಾಂಡಿನವರ ಮಾತು ಸುಳ್ಳಾಗಿರಲಿಲ್ಲ. ಅವರ ಮನೆಗಳಲ್ಲೂ ಒಂದೊಂದೇ ಕುದುರೆ, ಅದರ ಬೆನ್ನ ಹಿಂದೆ ಐದಾರು ಹೊಟ್ಟೆ. ಭಾವ ಮಾತ್ರ ಒಂದೇ ಮಾತು ಹೇಳುತ್ತಿದ್ದರು. "ಗುಂಡು ಹೊಡಿಸಿಬಿಡು ಬಷೀರ್. ಅದಕ್ಕೂ ನೆಮ್ಮದಿ, ನಿನಗೂ ನೆಮ್ಮದಿ. ಆಯ್ತು, ಅದರ ಕಾಲ ಮುಗೀತು."

ಕಾಲ ಮುಗಿಯಿತು ಎಂಬ ಮಾತನ್ನು ನಾನು ಹಿಂದೆಯೂ ಕೇಳಿದ್ದೆ. ನಮ್ಮ ಅಮ್ಮಿಗೆ ಕೆಮ್ಮು ಹಿಡಿದಾಗ ದೊಡ್ಡವರೆಲ್ಲ ಹಜಾರದಲ್ಲಿ ಕೂತು ಅದೇ ಮಾತಾಡಿದ್ದರು. ಅಮ್ಮಿಯನ್ನು ಯಾವ ಆಸ್ಪತ್ರೆಗೂ ಕರೆದೊಯ್ಯಲಿಲ್ಲ. ಅವಳ ರವಿಕೆಗಳ ಪಕ್ಕ ಬಿಚ್ಚಿ ಒಳಕ್ಕೆ ಹಿಡಿದು ಹೊಲಿಯುವ ಕೆಲಸ ಮಾತ್ರ ನನ್ನ ಪಾಲಿಗೆ ಬಂದಿತ್ತು. ಎಷ್ಟು ಸಲ ಹೊಲಿದೆನೋ. ಕೊನೆಗೆ ಒಳಗೆ ಹಿಡಿಯಲು ಬಟ್ಟೆ ಉಳಿದಿತ್ತು, ಅಮ್ಮಿ ಉಳಿಯಲಿಲ್ಲ.

ಎದ್ದು ಬಾಗಿಲಿಗೆ ಬಂದೆ.

"ಗುಂಡು ಹೊಡೆಯೋದು ಬೇಡ," ಎಂದೆ.

ಭಾವ ನನ್ನ ಕಡೆ ತಿರುಗಲಿಲ್ಲ. ಅವರು ಯಾವತ್ತೂ ನನ್ನೊಡನೆ ನೇರವಾಗಿ ಮಾತಾಡಿದವರಲ್ಲ. "ಒಳಗೆ ಹೋಗು ಅಂತ ಹೇಳು ನಿನ್ನ ಹೆಂಡತಿಗೆ."

ಇವರು ತಲೆ ತಗ್ಗಿಸಿದರು. ಇವರು ಮೆದು ಮನುಷ್ಯ. ಅಣ್ಣನೆದುರು ದನಿ ಎತ್ತಿದ್ದನ್ನು ನಾನು ಕಂಡಿಲ್ಲ.

"ಸಬ್ಜಾ ಸ್ಟ್ಯಾಂಡಿಗೆ ಬರಲ್ಲ," ಎಂದೆ, ಜಟಕಾದವರನ್ನೇ ನೋಡಿಕೊಂಡು. "ಹಿತ್ತಿಲು ಬಿಟ್ಟು ಕದಲಲ್ಲ. ಅವಳ ಮೈಮೇಲೆ ಒಂದು ನೊಣ ಕೂರದ ಹಾಗೆ ನಾನು ನೋಡ್ಕೋತೀನಿ. ನಿಮ್ಮ ಯಾವ ಕುದುರೆಗಾದ್ರೂ ಜ್ವರ ಬಂದ್ರೆ ಬಂದು ಕೇಳಿ."

ಅವರಲ್ಲಿ ಹಿರಿಯ ಒಬ್ಬ ನಕ್ಕ. "ನೊಣ ನಿನ್ ಮಾತ್ ಕೇಳ್ತದಾ ಜೈನಬಿ?"

"ಕೇಳದಿದ್ರೆ ಕೇಳೋ ಹಾಗೆ ಮಾಡ್ತೀನಿ."

ಡಾಕ್ಟರೂ ಅದನ್ನೇ ಕರಾರು ಮಾಡಿದರು. ಔಷಧಿಗೆ ಬರೆದಿದ್ದೇನೆ, ಬರುವವರೆಗೆ ನೊಣ ಮುಟ್ಟಬಾರದು, ಇನ್ನೊಂದು ಕುದುರೆಗೆ ಹತ್ತಿದ ದಿನ ನಾನು ಯಾರ ಮಾತೂ ಕೇಳುವುದಿಲ್ಲ, ಗುಂಡು ಹೊಡೆಸುತ್ತೇನೆ ಎಂದರು. ಒಪ್ಪಿಕೊಂಡೆ.

ನನ್ನ ಮದುವೆಯಲ್ಲಿ ಕೊಟ್ಟಿದ್ದ ಸೊಳ್ಳೆಪರದೆಯನ್ನು ಕತ್ತರಿಸಿದೆ. ಸಾಲಲಿಲ್ಲ. ಗೋಣಿಚೀಲ ಬಿಚ್ಚಿದೆ. ಹಳೆಯ ಧೋತ್ರ ಸೇರಿಸಿದೆ. ಕುತ್ತಿಗೆಯಿಂದ ಬಾಲದವರೆಗೆ ಒಂದು ನಿಲುವಂಗಿ, ನಾಲ್ಕು ಕಾಲಿಗೆ ನಾಲ್ಕು ಚೀಲ, ಮುಖಕ್ಕೆ ಪರದೆ. ಪಕ್ಕದ ಮನೆಯ ಕೆಂಪಮ್ಮ ಬೇಲಿಯಾಚೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಗೌಡರ ಹೆಂಗಸು, ಎರಡು ಎಮ್ಮೆ ಸಾಕಿ ಹಾಲು ಹಾಕುತ್ತಿದ್ದವಳು.

"ಅಯ್ಯೋ, ಮದ್ಲಗಿತ್ತಿ ಆಗೋಗವ್ಳೆ ಕಣಮ್ಮ ನಿನ್ ಕುದ್ರೆ! ಯಾರ್ ಮನೆಗ್ ಕೊಡ್ತೀಯೇ?"

ನಕ್ಕವಳೇ ಸಂಜೆ ಒಂದು ಹೊರೆ ಹಸಿ ಹುಲ್ಲು ತಂದು ಎಸೆದು ಹೋದಳು. "ಉಲ್ಲು ಹಾಕ್ಬುಡು. ನನ್ ಎಮ್ಮೆಗೊಳ್ಗೆ ಬ್ಯಾರೆ ಕೊಯ್ಕೋತೀನಿ."

ಬೇವಿನ ಸೊಪ್ಪಿನ ಹೊಗೆ ಬೆಳಗಿನಿಂದ ಸಂಜೆಯವರೆಗೆ ಆರಲಿಲ್ಲ. ನಮ್ಮ ಬಟ್ಟೆ, ಅನ್ನ, ಕೂದಲು ಎಲ್ಲದರಲ್ಲೂ ಅದೇ ವಾಸನೆ. ಜಟಕಾ ಮೂಕಿ ಊರಿಕೊಂಡು ಬೀದಿಯಲ್ಲಿ ನಿಂತಿತ್ತು. ಇವರು ಕಬ್ಬು ಕಡಿಯುವ ಕೂಲಿಗೆ ಹೋದರು. ಕಬ್ಬಿನ ಸೋಗೆಯಿಂದ ಕೈಯೆಲ್ಲ ಗೀರಿಸಿಕೊಂಡು ಬರುತ್ತಿದ್ದರು. ಕೂಲಿ ಮಾಡಿ ಅಭ್ಯಾಸವಿಲ್ಲದ ಮನುಷ್ಯ. ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತೋ ಏನೋ.

ಡಾಕ್ಟರು ಬಂದು ಅಂಗಿ ತೊಟ್ಟ ಸಬ್ಜಾಳನ್ನು ನೋಡಿದರು. ನಗಲಿಲ್ಲ. "ಇದನ್ನ ಹೊಲಿಯೋಕೆ ಅಳತೆ ತಗೊಂಡಿರಬೇಕಲ್ಲ," ಎಂದರು.

"ತಗೊಂಡಿದ್ದೆ."

"ಒಳ್ಳೇದು. ನನಗೂ ಅಳತೆ ಬೇಕು. ಈ ಔಷಧಿ ಕುದುರೆಯ ತೂಕ ನೋಡಿ ಕೊಡೋದು. ಹೆಚ್ಚಾದ್ರೆ ಗೊರಸು ಊದಿಕೊಂಡು ಕೂತಲ್ಲೇ ಕೂರ್ತದೆ. ಕಡಿಮೆ ಆದ್ರೆ ಹುಳು ಪೂರ್ತಿ ಸಾಯಲ್ಲ, ಮತ್ತೆ ಬರುತ್ತೆ. ಎರಡು ಇಂಜೆಕ್ಷನ್ ಬಿಟ್ರೆ ಆಗ ಕೊಡೋಕೆ ನನ್ನ ಹತ್ತಿರ ಇನ್ನೇನೂ ಇರಲ್ಲ."

ಕುದುರೆಯ ತೂಕ ಎಷ್ಟು ಎಂದು ಹೇಳುವವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಭಾವ ಕಣ್ಣಳತೆಯಲ್ಲೇ ಆರುನೂರು ರಾತಲು ಎಂದರು. ಸ್ಟ್ಯಾಂಡಿನ ಹಿರಿಯ ನಾನೂರು ಎಂದ. ಡಾಕ್ಟರು ತಮ್ಮ ಕಣ್ಣಿಗೆ ಐನೂರು ಕಾಣುತ್ತದೆ, ಆದರೆ ಆ ಕಣ್ಣನ್ನು ನಂಬಿ ಸೂಜಿ ಹಿಡಿಯಲಾರೆ ಎಂದರು.

ಅಳೆಯುವ ಬಗೆಯನ್ನು ಅವರೇ ಹೇಳಿಕೊಟ್ಟರು. ಮುಂಗಾಲಿನ ಮೊಣಕೈಯ ಹಿಂದಿನಿಂದ ಟೇಪು ತಂದು ಹೆಗಲ ದಿಬ್ಬದ ಹಿಂಬದಿಯಲ್ಲಿ ಸೇರಿಸಬೇಕು. ಬಿಗಿಯಬಾರದು, ಜೋಲು ಬಿಡಬಾರದು. ಉಸಿರು ಬಿಟ್ಟಾಗ ಓದಬೇಕು. ಸಬ್ಜಾ ಪಟ್ಟಿ ಬಿಗಿಯುವಾಗಲೆಲ್ಲ ಉಸಿರು ತುಂಬಿಕೊಂಡು ಎದೆ ಉಬ್ಬಿಸುವ ಕಳ್ಳಿ, ಟೇಪಿಗೂ ಅದೇ ಆಟ ಆಡಿದಳು. ನಾನು ಕಾಯುತ್ತಿದ್ದೆ. ಅವಳು ಬೇಸತ್ತು ಉಸಿರು ಬಿಡುತ್ತಿದ್ದಳು, ಆಗ ಓದುತ್ತಿದ್ದೆ. ಆಮೇಲೆ ಭುಜದ ಮೂಳೆಯಿಂದ ಬಾಲದ ಪಕ್ಕದ ಪುಟ್ಟೆಯ ಮೂಳೆಯವರೆಗೆ ಉದ್ದ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, ಬಂದದ್ದನ್ನು ಮುನ್ನೂರ ಮೂವತ್ತರಿಂದ ಭಾಗಿಸಿದರೆ ರಾತಲಿನಲ್ಲಿ ತೂಕ. ಸುತ್ತಳತೆ ಐವತ್ತನಾಲ್ಕು ಇಂಚು. ಉದ್ದ ಐವತ್ತೆರಡು. ಡಾಕ್ಟರು ಲೆಕ್ಕ ಮಾಡಿ ನಾನೂರ ಅರವತ್ತರ ಹತ್ತಿರ ಎಂದರು.

"ಇದೂ ಅಂದಾಜೇ," ಎಂದರು. "ಆದ್ರೆ ದಿನಾ ಒಂದೇ ಹೊತ್ತಿಗೆ, ನೀರು ಮೇವು ಕೊಡೋಕೆ ಮುಂಚೆ, ಒಂದೇ ಜಾಗದಲ್ಲಿ, ಒಬ್ಬರೇ ಅಳೆದ್ರೆ ಏರ್ತಾ ಇದೆಯೋ ಇಳೀತಾ ಇದೆಯೋ ಗೊತ್ತಾಗುತ್ತೆ. ನನಗೆ ಅದು ಬೇಕು."

ಹಾಗೆ ನನ್ನ ಬೆಳಗು ಬದಲಾಯಿತು. ಒಲೆ ಹಚ್ಚುವ ಮೊದಲು ಟೇಪು. ಬಟ್ಟೆಯ ಟೇಪು ಎಳೆದೆಳೆದು ಜಗ್ಗುತ್ತದೆ. ಅಪ್ಪನ ಕಬ್ಬಿಣದ ಗಜಕ್ಕೆ ಹಿಡಿದು ನೋಡಿ ಆಮೇಲೆ ಹಿತ್ತಿಲಿಗೆ ಹೋಗುತ್ತಿದ್ದೆ. ಅಳತೆ ಇಳಿಯುತ್ತಲೇ ಇತ್ತು. ಅರ್ಧ ಇಂಚು. ಮತ್ತೆ ಅರ್ಧ. ಇಳಿದ ದಿನ ನಾನು ಅವಳಿಗೆ ಬೈಯುತ್ತಿದ್ದೆ. "ಸಾಯ್ತೀಯಾ? ಸಾಯಿ ನೋಡೋಣ. ನಾನು ಬಿಟ್ರೆ ತಾನೇ."

ಔಷಧಿ ಬರಲಿಲ್ಲ.

ಒಂದು ಬೆಳಗ್ಗೆ ಸುತ್ತಳತೆ ಏರಿತ್ತು.

ಮತ್ತೆ ಹಿಡಿದೆ. ಹೌದು, ಏರಿತ್ತು. ಮಾರನೆಯ ಬೆಳಗ್ಗೆ ಇನ್ನೂ ಏರಿತು. ಐವತ್ತೈದು. ಔಷಧಿಯೇ ಇಲ್ಲದೆ ನನ್ನ ಹುಡುಗಿ ತಾನಾಗಿ ಎದ್ದು ನಿಂತಳು ಎಂದುಕೊಂಡೆ. ತಲೆಯ ಮೇಲಿನ ಸೆರಗು ಜಾರಿದ್ದೂ ತಿಳಿಯದೆ ಆಸ್ಪತ್ರೆಗೆ ಓಡಿದೆ. ಬೀದಿಯಲ್ಲಿ ಯಾರು ಕಂಡರೂ ಹೇಳಿದೆ. ಡಾಕ್ಟರು ನನ್ನ ಹಿಂದೆಯೇ ಬಂದರು. ಅಂಗಿ ಬಿಚ್ಚಿಸಿ, ಎದೆಯ ಕೆಳಭಾಗಕ್ಕೆ ಹೆಬ್ಬೆರಳು ಒತ್ತಿ ತೆಗೆದರು.

ಬೆರಳಿನ ಗುಳಿ ಹಾಗೇ ಉಳಿಯಿತು. ಕಲಸಿದ ಹಿಟ್ಟಿನಲ್ಲಿ ಉಳಿಯುವ ಹಾಗೆ.

"ಇದು ಮಾಂಸ ಅಲ್ಲಮ್ಮ. ನೀರು."

ರೋಗ ಬಲಿತಾಗ ಎದೆಯಡಿ, ಹೊಟ್ಟೆಯಡಿ, ಕಾಲುಗಳಲ್ಲಿ ನೀರು ಇಳಿಯುತ್ತದಂತೆ. ಟೇಪಿಗೆ ನೀರು ಯಾವುದು, ಮಾಂಸ ಯಾವುದು ಎಂದು ತಿಳಿಯುವುದಿಲ್ಲ. ಅವರು ನನ್ನ ಕೈ ಹಿಡಿದು ಅವಳ ಬೆನ್ನಿನ ಮೇಲೆ, ಪಕ್ಕೆಯ ಮೇಲೆ, ಪುಟ್ಟೆಯ ಮೇಲೆ ಇರಿಸಿದರು. ಅಲ್ಲಿ ಏನೂ ಇರಲಿಲ್ಲ. ಒಣ ಸೌದೆಯ ಮೇಲೆ ಬಟ್ಟೆ ಹೊದಿಸಿದಂತಿತ್ತು. ದಿನವೂ ಅಳೆಯುತ್ತಿದ್ದ ನಾನು ಅಲ್ಲಿ ಕೈಯಾಡಿಸಿಯೇ ಇರಲಿಲ್ಲ.

"ಔಷಧಿ ಹೊರಟಿದೆ ಅಂತ ಕಾಗದ ಬಂದಿದೆ," ಎಂದರು ಡಾಕ್ಟರು. "ಆದ್ರೆ ಈಗ ಟೇಪನ್ನ ನಂಬಿ ಡೋಸ್ ಹಾಕೋ ಹಾಗಿಲ್ಲ. ನಿಜವಾದ ತಕ್ಕಡಿ ಬೇಕು."

ಕುದುರೆಯನ್ನು ತೂಗುವ ತಕ್ಕಡಿ ಮಂಡ್ಯದಲ್ಲಿ ಎಲ್ಲಿದೆ? ಕಬ್ಬಿನ ಗಾಡಿ ತೂಗುವ ಕಟ್ಟೆ ಇತ್ತು. ನೆಲದ ಮಟ್ಟಕ್ಕೆ ಹಾಸಿದ ಕಬ್ಬಿಣದ ಹಲಗೆ, ಎತ್ತು ಗಾಡಿ ಸಮೇತ ಅದರ ಮೇಲೆ ನಿಲ್ಲಿಸುತ್ತಾರೆ. ಕಬ್ಬಿನ ಸುಗ್ಗಿಯಲ್ಲಿ ಅಲ್ಲಿ ಗಾಡಿಗಳ ಸಾಲು ರಸ್ತೆಯವರೆಗೂ ಇರುತ್ತದೆ, ಎಲ್ಲ ಗಂಡಸರೇ. ಇವರು ಕೂಲಿ ಬಿಡುವಂತಿರಲಿಲ್ಲ, ನಾನೇ ಹೋಗುತ್ತೇನೆಂದೆ. ಭಾವ ಮಳವಳ್ಳಿಯಿಂದ ಹೇಳಿಕಳಿಸಿದರು: ನಮ್ಮ ಮನೆಯ ಹೆಂಗಸು ಗಾಡಿಯವರ ನಡುವೆ ಕುದುರೆ ಹಿಡಿದು ನಿಂತರೆ ನಾನು ಆ ಮನೆಯ ಹೊಸಿಲು ತುಳಿಯುವುದಿಲ್ಲ.

ತುಳಿಯದಿದ್ದರೆ ಬೇಡ ಎಂದು ಹೇಳಿಕಳಿಸಿದೆ.

ನೊಣ ಏಳುವ ಮುಂಚೆ, ಬೆಳಕು ಹರಿಯುತ್ತಲೇ ಹೊರಟೆ. ಸಬ್ಜಾಳಿಗೆ ಅವಳ ನಿಲುವಂಗಿ, ನನಗೆ ನನ್ನ ಬುರ್ಖಾ. ಬೇಲಿ ದಾಟುತ್ತಿದ್ದಂತೆ ಕೆಂಪಮ್ಮ ಹಾಲಿನ ಚೊಂಬು ಒಳಗಿಟ್ಟು ಬಂದಳು. "ಒಬ್ಳೇ ಎಲ್ಲಿಗ್ ಓಯ್ತೀಯೇ? ನಾನೂ ಬತ್ತೀನಿ ನಡಿ." ಸಬ್ಜಾ ನಾಲ್ಕು ಹೆಜ್ಜೆ ಇಟ್ಟು ನಿಲ್ಲುತ್ತಿದ್ದಳು. ಹಿಂಗಾಲು ಎಳೆಯುತ್ತಿತ್ತು. ಹಿಂದೆ ಕೆಂಪಮ್ಮ, ಮುಂದೆ ನಾನು.

ಕಟ್ಟೆಯ ತೂಕದವನ ಹೆಸರು ನಿಂಗೇಗೌಡ. ನಮ್ಮನ್ನು ಕಂಡು ಕೈಯಲ್ಲಿದ್ದ ಬೀಡಿಯನ್ನು ಬಾಯಿಗಿಡುವುದನ್ನೇ ಮರೆತ.

"ಇದು ಕಬ್ಬು ತೂಗೋ ಜಾಗ ಕಣಮ್ಮ. ಕುದ್ರೆ ಗಿದ್ರೆ ಎಲ್ಲಾ ತೂಗಕ್ಕಿಲ್ಲ. ಅತ್ಲಾಗ್ ಹಿಡ್ಕೊಳಿ, ಗಾಡಿ ಬತ್ತಾವೆ."

"ಕಾಯಿಲೆ ಕುದುರೆ ಅಣ್ಣ. ತೂಕ ಗೊತ್ತಾದ್ರೆ ಔಷಧಿ ಕೊಡ್ತಾರೆ. ಗೊತ್ತಾಗದಿದ್ರೆ ಸಾಯುತ್ತೆ."

"ಸತ್ರೆ ನಾನೇನ್ ಮಾಡ್ಲಿ? ನನ್ ಕ್ಯಾಮೆ ಕಬ್ಬು."

"ಹಾಗಾದ್ರೆ ನಾನು ಇಲ್ಲೇ ನಿಂತಿರ್ತೀನಿ." ಹೇಳಿ, ಹಲಗೆಯ ದಾರಿಗೆ ಅಡ್ಡವಾಗಿ ಸಬ್ಜಾಳನ್ನು ನಿಲ್ಲಿಸಿದೆ.  

ಹಿಂದಿನಿಂದ ಗಾಡಿಯವರು ಕೂಗತೊಡಗಿದರು. ಒಬ್ಬ ಬೈದ. ಇನ್ನೊಬ್ಬ ಸಬ್ಜಾಳ ಅಂಗಿ ನೋಡಿ ಶಿಳ್ಳೆ ಹಾಕಿದ. ಕೆಂಪಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ತಿರುಗಿದಳು.

"ಯಾವನ್ಲಾ ಅವ್ನು ಸಿಳ್ಳೆ ಹಾಕ್ದೋನು? ನಿನ್ನೆತ್ತು ಮಲಗ್ಬುಟ್ರೆ ನಿನ್ ಎಂಡ್ರು ಎಲ್ಗ್ ಓಯ್ತಾಳ್ಲಾ? ಬಾ ಇಲ್ಲಿ, ಬಂದ್ ಯೋಳು!"

ಯಾರೂ ಬರಲಿಲ್ಲ. ಸಾಲಿನ ಮೊದಲ ಗಾಡಿಯ ಮುದುಕ ಮೂಕಿಯ ಮೇಲಿಂದ ಇಳಿದು ಬಂದು ಸಬ್ಜಾಳ ಮುಖದ ಪರದೆ ಎತ್ತಿ ಕಣ್ಣು ನೋಡಿದ. ಆಮೇಲೆ ನಿಂಗೇಗೌಡನ ಕಡೆ ತಿರುಗಿ, "ತೂಗ್ಲಾ ಅತ್ಲಾಗೆ. ಮೂಕ್ ಪ್ರಾಣಿ. ನನ್ ಗಾಡಿ ಆಮ್ಯಾಕ್ ನಿಂತ್ಕತದೆ," ಎಂದ.

ನಿಂಗೇಗೌಡ ಬೀಡಿ ಎಸೆದ. ಒಪ್ಪಿಕೊಂಡ ಮೇಲೆ ಅವನ ಕೆಲಸ ಬಹಳ ಅಚ್ಚುಕಟ್ಟು. ಗಾಡಿಗಳು ಬಿಟ್ಟುಹೋದ ಕಸ, ಸೋಗೆ, ಮಣ್ಣು ಗುಡಿಸಿಸಿದ. ಬರೀ ಹಲಗೆಗೆ ಮುಳ್ಳು ಸರಿಯಾಗಿ ನಿಂತಿದೆಯೇ ನೋಡಿದ. ತೂಕದ ಕಲ್ಲುಗಳನ್ನಿಟ್ಟು ಪರೀಕ್ಷೆ ಮಾಡಿದ. ಸಬ್ಜಾಳ ಅಂಗಿ ಬಿಚ್ಚಿಸಿದ. ಆಗ ಅವಳ ಮೈ ಎಲ್ಲರಿಗೂ ಕಂಡಿತು. 

ಅವಳು ಹಲಗೆ ಹತ್ತಲೊಲ್ಲಳು. ಮೊದಲ ಗೊರಸು ಇಟ್ಟೊಡನೆ ಒಳಗಿನ ಟೊಳ್ಳು ಡಂ ಎಂದಿತು, ಹಿಂದೆ ಸರಿದಳು. ನಾನು ಬೆನ್ನು ಮಾಡಿ ನನ್ನ ಪಾಡಿಗೆ ನಡೆದೆ. ಎಳೆಯಲಿಲ್ಲ. ಲಗಾಮು ಸಡಿಲವಾಗಿಯೇ ಇತ್ತು. ಅವಳು ಬಂದಳು. ಹಲಗೆಯ ಆಚೆ ದಡಕ್ಕೆ ನಾನು ಇಳಿದು ನಿಂತೆ, ಅವಳು ನಡುವೆ ನಿಂತಳು. ನಾಲ್ಕು ಕಾಲೂ ಹಲಗೆಯ ಮೇಲೆ, ಯಾರ ಕೈಯೂ ಅವಳ ಮೇಲಿಲ್ಲ.

"ಈ ಕಟ್ಟೆ ಗಾಡಿ ತೂಗೋಕ್ ಮಾಡಿರೋದು ಕಣಮ್ಮ. ಅತ್ತಿಪ್ಪತ್ ರಾತ್ಲು ಅತ್ಲಾಗ್ ಇತ್ಲಾಗ್ ಆದ್ರೆ ನನ್ ಕೇಳ್ಬ್ಯಾಡ," ಎಂದ ನಿಂಗೇಗೌಡ. ಹಾಗೆಂದು ಒಂದೇ ಸಲಕ್ಕೆ ಬಿಡಲಿಲ್ಲ. ಇಳಿಸಿ ಮತ್ತೆ ಹತ್ತಿಸಿದ. ಮುಖ ಆ ಕಡೆ ಮಾಡಿಸಿ ಇನ್ನೊಮ್ಮೆ ತೂಗಿದ. ನಾನೂರ ನಲವತ್ತರ ಆಸುಪಾಸಿನಲ್ಲೇ ಮುಳ್ಳು ನಿಂತಿತು.

ಟೇಪಿನ ಲೆಕ್ಕಕ್ಕಿಂತ ಕಡಿಮೆ. ಅದರಲ್ಲೂ ನೀರು ಎಷ್ಟೋ.

ಡಾಕ್ಟರು ಆ ಅಂಕಿ ಬರೆದುಕೊಂಡರು. ಊತದ ಜಾಗಗಳನ್ನು ಮತ್ತೆ ಒತ್ತಿ ನೋಡಿದರು. ಕೊನೆಗೆ, ನಾನೂರು ಎಂದು ಹಿಡಿಯುತ್ತೇನೆ ಎಂದರು. "ಇದು ಸರಿ ಅಂತ ಎದೆ ತಟ್ಟಿ ಹೇಳಲಾರೆ. ಕಣ್ಣಳತೆಗೆ ಐನೂರಕ್ಕೆ ಹಾಕಿದ್ದಿದ್ರೆ ತಪ್ಪಾಗ್ತಿತ್ತು ಅಂತ ಮಾತ್ರ ಹೇಳಬಲ್ಲೆ."

ಔಷಧಿ ಬಂದ ಬೆಳಗ್ಗೆ ಇವರು ಕೂಲಿಗೆ ಹೋಗಲಿಲ್ಲ. ಸಬ್ಜಾಳ ತಲೆಯನ್ನು ಎದೆಗೊತ್ತಿ ಹಿಡಿದರು. ಡಾಕ್ಟರು ಕುತ್ತಿಗೆಯ ನರಕ್ಕೆ ಸೂಜಿ ಹಾಕಿ ಬಹಳ ನಿಧಾನವಾಗಿ ಒತ್ತಿದರು. ಅಷ್ಟೇ. ಅಷ್ಟಕ್ಕಾಗಿ ಅಷ್ಟು ದಿನ.

ಎರಡು ದಿನಕ್ಕೆ ಗೊರಸಿನ ಮೇಲಂಚು ಕಾವೇರಿತು. ಮೂರನೆಯ ಮಧ್ಯಾಹ್ನ ಸಬ್ಜಾ ಮಲಗಿಬಿಟ್ಟಳು.

ಕುದುರೆ ಹಗಲಲ್ಲಿ ಅಡ್ಡ ಮಲಗಿತೆಂದರೆ ಅದರ ಅರ್ಥ ಜಟಕಾದವರ ಮನೆಯಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ. ಇವರು ಗೋಡೆ ಕಡೆ ಮುಖ ಮಾಡಿ ಕೂತರು. ಭಾವ ಬಂದೇ ಬಂದರು, ಹೊಸಿಲು ತುಳಿಯದೆ ಹಿತ್ತಿಲ ಕಡೆಯಿಂದ. "ನಾನು ಹೇಳಿದ್ದು ಕೇಳಿದ್ರೆ ಅದು ಇಷ್ಟು ನರಳ್ತಿರಲಿಲ್ಲ," ಎಂದರು. ಅದು ನನ್ನೊಳಗೆ ನಾಟಿತು. ನಾಟಲಿಲ್ಲ ಎಂದರೆ ಸುಳ್ಳಾಗುತ್ತದೆ. ಯಾರಿಗಾಗಿ ಈ ಹಟ, ಅವಳಿಗಾಗಿಯೋ ನನಗಾಗಿಯೋ ಎಂದು ಅವಳ ತಲೆಯ ಹತ್ತಿರ ಕೂತು ಯೋಚಿಸಿದೆ.  ಅವಳ ಬಾಯಿಗೆ ಹುಲ್ಲಿನ ಎಳೆ ಹಿಡಿದೆ. ಮಲಗಿದಲ್ಲೇ ತಿಂದಳು.

ತಿನ್ನುತ್ತಿರುವವರನ್ನು ನಾನು ಬಿಡುವುದಿಲ್ಲ.

ನಾಲ್ಕೂ ಗೊರಸಿಗೆ ನೆನೆಸಿದ ಗೋಣಿ ಸುತ್ತಿದೆ. ಕೆಂಪಮ್ಮ ಬಾವಿಯಿಂದ ಸೇದಿ ಸೇದಿ ಕೊಟ್ಟಳು. ಸ್ವಲ್ಪ ಹೊತ್ತಿಗೆ ಇವರೂ ಎದ್ದು ಬಂದು ಕೊಡ ಹಿಡಿದರು. ಅಣ್ಣ ನೋಡುತ್ತಿದ್ದಂತೆಯೇ. "ನೀವು ಹೋಗಿ ಅಣ್ಣ," ಎಂದರು, "ನಮಗೆ ಕೆಲಸ ಇದೆ." ಅಷ್ಟು ದೊಡ್ಡ ಮಾತನ್ನು ಇವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಆ ವಾರವೇ ಸಬ್ಜಾ ಎದ್ದು ನಿಂತಳು.

ಎದ್ದಳು, ಆದರೆ ಟೇಪು ಇಳಿಯಿತು. ದಿನವೂ ಇಳಿಯಿತು. ಐವತ್ತೈದು ಇದ್ದದ್ದು ಐವತ್ತಮೂರು, ಐವತ್ತೆರಡೂವರೆ. ಕಂಡವರೆಲ್ಲ ಮುಗಿಯಿತು ಎಂದರು. ಸ್ಟ್ಯಾಂಡಿನ ಹಿರಿಯ ಬೇಲಿಯಾಚೆ ನಿಂತು ತಲೆಯಾಡಿಸಿದ. "ಗೂಡೇ ಉಳಿದದೆ. ಇನ್ನೂ ಯಾಕ್ ಅಳೀತೀಯ?"

ನಾನು ಎದೆಯಡಿ ಹೆಬ್ಬೆರಳು ಒತ್ತಿದೆ. ಗುಳಿ ಬೀಳಲಿಲ್ಲ. ಬೆರಳು ತೆಗೆದೊಡನೆ ಚರ್ಮ ತಾನೇ ಮೇಲೆದ್ದಿತು. ಬೆನ್ನಿನ ಮೇಲೆ, ಪಕ್ಕೆಯ ಮೇಲೆ ಕೈಯಾಡಿಸಿದೆ. ಮೂಳೆ ಮೂಳೆಯಾಗಿಯೇ ಇತ್ತು. ಆದರೆ ಹಿಂದಿನ ವಾರಕ್ಕಿಂತ ಚೂಪಾಗಿರಲಿಲ್ಲ.

"ಇಳೀತಿರೋದು ನೀರು ಚಿಕ್ಕಪ್ಪ," ಎಂದೆ. "ಇಳೀಲಿ ಬಿಡಿ. ಎಲ್ಲಾ ಇಳೀಲಿ."

ಅವನಿಗೆ ಅರ್ಥವಾಗಲಿಲ್ಲ. ಡಾಕ್ಟರಿಗೆ ಆಯಿತು. ಎರಡನೆಯ ಇಂಜೆಕ್ಷನ್ನಿಗೆ ಅವರು ಹೊಸದಾಗಿ ತೂಗಿಸಿಕೊಂಡು ಬರಲು ಹೇಳಿದರು. ಈ ಸಲ ನಿಂಗೇಗೌಡ ದೂರದಿಂದಲೇ ಕಂಡು ಗಾಡಿಯವರಿಗೆ ದಾರಿ ಬಿಡುವಂತೆ ಕೂಗಿದ. ಮುಳ್ಳು ನಾನೂರಕ್ಕೂ ಕೆಳಗೆ ನಿಂತಿತು. ಅವನ ಮುಖ ಬಾಡಿತು. ನಾನೇ ಅವನಿಗೆ ಸಮಾಧಾನ ಹೇಳಬೇಕಾಯಿತು.

ಎರಡನೆಯ ಇಂಜೆಕ್ಷನ್ನೂ ಆಯಿತು. ಆಮೇಲಿನದು ನಿಧಾನ. ಕಥೆಯಲ್ಲಿ ಹೇಳುವ ಹಾಗೆ ಒಂದು ಬೆಳಗ್ಗೆ ಎಲ್ಲ ಸರಿಹೋಗುವುದಿಲ್ಲ. ಟೇಪು ಐವತ್ತೆರಡೂವರೆಯಲ್ಲಿ ಹಟ ಹಿಡಿದು ಕೂತಿತು, ನನ್ನಷ್ಟೇ ಹಟ. ಬೆಂದ ಹುರುಳಿ, ತವುಡು, ಕೆಂಪಮ್ಮನ ಹುಲ್ಲು. ಎಷ್ಟೋ ದಿನದ ಮೇಲೆ ಕಾಲಿಂಚು ಏರಿತು. ಓಡಲಿಲ್ಲ, ಯಾರಿಗೂ ಹೇಳಲಿಲ್ಲ. ಒತ್ತಿ ನೋಡಿದೆ. ಬೆನ್ನು ತಡವಿ ನೋಡಿದೆ. ಮಾರನೆಯ ದಿನ ಮತ್ತೆ ಅಳೆದೆ. ಮಾಂಸವೇ.

ಜ್ವರ ಮತ್ತೆ ಬರಲಿಲ್ಲ. ಸ್ಟ್ಯಾಂಡಿನ ಯಾವ ಕುದುರೆಗೂ ಹತ್ತಲಿಲ್ಲ. ಡಾಕ್ಟರು ರಕ್ತ ನೋಡುತ್ತಲೇ ಇದ್ದಾರೆ. "ಸದ್ಯಕ್ಕಿಲ್ಲ," ಎನ್ನುತ್ತಾರೆ. ಅದಕ್ಕಿಂತ ಹೆಚ್ಚು ಹೇಳಿಸಲು ನಾನೂ ಹೋಗುವುದಿಲ್ಲ. ರೋಗದಲ್ಲಿ ಸಬ್ಜಾಳ ಒಂದು ಕಣ್ಣಿನ ಮೇಲೆ ಕಟ್ಟಿದ ಹಾಲಿನಂಥ ಪೊರೆ ಹಾಗೇ ಉಳಿದಿದೆ. ಮಳವಳ್ಳಿಯ ದಾರಿ ಅವಳಿಗೆ ಇನ್ನಿಲ್ಲ. ಇಬ್ಬರಿಗಿಂತ ಹೆಚ್ಚು ಜನರನ್ನು ಕೂರಿಸಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದಾರೆ. ಸ್ಟ್ಯಾಂಡಿನವರು ಇನ್ನೂ ಹತ್ತಿರ ಸೇರಿಸುವುದಿಲ್ಲ. ಅವರ ಭಯ ಅವರಿಗೆ. ಇವರು ಸಂತೆಪೇಟೆಯ ಕಡೆ ನಿಲ್ಲಿಸಿಕೊಳ್ಳುತ್ತಾರೆ. ಭಾವ ಬರುವುದಿಲ್ಲ. ಬಂದರೆ ಚಹಾ ಕೊಡುತ್ತೇನೆ, ಕ್ಷಮಿಸಿ ಎನ್ನುವುದಿಲ್ಲ.

ದೇವರಿಗೆ ಶುಕರ್ ಹೇಳುತ್ತೇನೆ. ಡಾಕ್ಟರಿಗೆ, ನಿಂಗೇಗೌಡನಿಗೆ, ಗಾಡಿಯ ಆ ಮುದುಕನಿಗೂ. ಕೆಂಪಮ್ಮನಿಗೆ ಹೇಳಿದರೆ ಬೈಯುತ್ತಾಳೆ.

ನಿನ್ನೆ ಸಂಜೆ ಇವರು ಎಂದಿಗಿಂತ ಬೇಗ ಬಂದರು. ಮೂಕಿಯಿಂದ ಸಬ್ಜಾಳನ್ನು ಬಿಡಿಸುವ ಮೊದಲೇ ನನ್ನನ್ನು ಕೂಗಿದರು. ಏನಾಯಿತೋ ಎಂದು ಹೊರಗೆ ಓಡಿಬಂದೆ. ಇವರ ಕಣ್ಣು ಒದ್ದೆಯಾಗಿತ್ತು, ಮುಖ ನಗುತ್ತಿತ್ತು.

"ನಾಲೆ ಏರಿ ಇಳಿಯೋವಾಗ ಓಡಿದ್ಲು ಕಣೇ. ನಾನ್ ಚಾಟಿ ಮುಟ್ಲಿಲ್ಲ, ಬಾಯಲ್ಲೂ ಏನೂ ಅನ್ಲಿಲ್ಲ. ಅವಳೇ ಓಡಿದ್ಲು."

ಅವಳ ಕುತ್ತಿಗೆಯ ಬೆವರು ಒರೆಸಿದೆ. ಬಕೀಟನ್ನು ಕಂಡು ಅವಳು ಮೂಗು ಚಾಚಿದಳು. ಅದನ್ನು ಕಾಲಲ್ಲಿ ಹಿಂದಕ್ಕೆ ಸರಿಸಿ, ಬೆಳಗ್ಗೆಯೇ ಅಳೆದಿದ್ದರೂ, ನೀರು ಕುಡಿಸುವ ಮೊದಲು ಟೇಪು ಬಿಚ್ಚಿದೆ. ಅವಳು ಎದೆ ಉಬ್ಬಿಸಿಕೊಂಡು ನಿಂತಳು. ನಾನೂ ನಿಂತೆ. ಉಸಿರು ಬಿಡುವವರೆಗೆ ಕಾಯಲು ನನಗೇನೂ ಆತುರವಿರಲಿಲ್ಲ.